ನೋವಿಗಿಂತ ಜೋಮಿಗೆ ಹೆದರಬೇಕು

ಮಂಡ್ಯ ಸೀಮೆಯಲ್ಲಿ ‘ನರ’ ಎಂಬ ಪದಕ್ಕೆ ಬಿಡುವೇ ಇಲ್ಲ. ಸೊಂಟ ಹಿಡಿದರೆ ‘ನರ ಹಿಡ್ಕಂಡದೆ’. ಮೀನಖಂಡ ಸೆಳೆದರೆ ‘ನರ ಸೆಳೀತದೆ’. ಕಾಲಿನ ರಕ್ತನಾಳ ನೀಲಿಗಟ್ಟಿ ಉಬ್ಬಿದರೆ ‘ನರ ಗಂಟಾಗದೆ’. ಮಣಿಕಟ್ಟು ಉಳುಕಿದರೂ ನರವೇ, ಮುದುಕರ ಕೈ ನಡುಗಿದರೂ ನರವೇ. ವೈದ್ಯರ ಲೆಕ್ಕದಲ್ಲಿ ಇವು ಸ್ನಾಯು, ರಕ್ತನಾಳ, ಕೀಲುಕಟ್ಟು, ಮೆದುಳು ಎಂದು ಬೇರೆ ಬೇರೆ ಮನೆಯ ತೊಂದರೆಗಳು. ಜನರ ಬಾಯಲ್ಲಿ ಹೆಸರು ಒಂದೇ ಆದ್ದರಿಂದ ಮದ್ದೂ ಹೆಚ್ಚುಕಡಿಮೆ ಒಂದೇ ಆಗಿದೆ: ಮೊದಲು ಎಣ್ಣೆ ನೀವಿಸುವುದು, ಆಮೇಲೆ ಒಂದು ಸೂಜಿ, ಅದಕ್ಕೂ ಜಗ್ಗದಿದ್ದರೆ ಪೇಟೆಗೆ ಹೋಗಿ ‘ಕರೆಂಟ್ ಕೊಡಿಸುವುದು’.

ಹೆಸರು ಬೆರೆತದ್ದರಿಂದ ದೊಡ್ಡ ನಷ್ಟವೇನಿಲ್ಲ. ನಷ್ಟ ಇನ್ನೊಂದು ಕಡೆ ಇದೆ. ಮೂಳೆ, ಕೀಲು, ಸ್ನಾಯುಗಳ ತೊಂದರೆ ಸಾಮಾನ್ಯವಾಗಿ ಕೂಗಿ ಹೇಳಿಕೊಳ್ಳುತ್ತದೆ. ಆಳನ್ನು ಮಲಗಿಸುತ್ತದೆ, ಮನೆಮಂದಿಯನ್ನು ಎಬ್ಬಿಸುತ್ತದೆ, ಆದರೆ ಬಹುಪಾಲು ತಾನಾಗಿ ಇಳಿಯುತ್ತದೆ. ನರದ ತೊಂದರೆ ಅನೇಕ ಸಲ ನೋವೇ ಇಲ್ಲದೆ ಬರುತ್ತದೆ: ಒಂದಿಷ್ಟು ಜೋಮು, ಒಂದಿಷ್ಟು ಮರಗಟ್ಟುವಿಕೆ, ಕಾಲಿಂದ ಜಾರಿದ ಚಪ್ಪಲಿ, ತೊದಲಿದ ಮಾತು. ನೋವಿಲ್ಲ ಎಂದ ಮೇಲೆ ಅವಸರವೂ ಇಲ್ಲ ಎಂದು ನಾವು ನಾಳೆಗೆ ತಳ್ಳುತ್ತೇವೆ. ಕೂಗುವ ರೋಗಕ್ಕೆ ದುಡ್ಡು ಸುರಿದು ಸುಮ್ಮನಿರುವ ರೋಗಕ್ಕೆ ಹೊತ್ತು ಕಳೆದುಕೊಳ್ಳುವ ಈ ಅಭ್ಯಾಸವನ್ನೇ ಇಲ್ಲಿ ಒಂದೊಂದಾಗಿ ನೋಡಬೇಕಿದೆ.

ನೀರು ಬಂತು, ಬೆನ್ನು ಬಾಗಿತು

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆ ಹಿಡಿದು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಇಳಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ, ಹುರುಳಿಯ ಹೊಲಗಳು ಭತ್ತದ ಗದ್ದೆಯೂ ಕಬ್ಬಿನ ತೋಟವೂ ಆದವು. ಬೆಳೆ ಬದಲಾದಾಗ ಅದನ್ನು ಬೆಳೆಯುವ ಮೈಯ ಭಂಗಿಯೂ ಬದಲಾಯಿತು. ನಾಟಿ ಹಾಕುವ ಹೆಂಗಸು ಕೆಸರಿನಲ್ಲಿ ಸೊಂಟ ಬಗ್ಗಿಸಿ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಇಡೀ ದಿನ ಕಳೆಯುತ್ತಾಳೆ. ಕಬ್ಬು ಕಡಿಯುವವನು ಬುಡಕ್ಕೇ ಬಗ್ಗಿ ಮಚ್ಚು ಬೀಸುತ್ತಾನೆ, ಸೊಂಟ ತಿರುಗಿಸಿ ಜಲ್ಲೆಯನ್ನು ಪಕ್ಕಕ್ಕೆ ಎಸೆಯುತ್ತಾನೆ, ಕೊನೆಗೆ ಹೊರೆ ಹೊತ್ತು ಹಲಗೆಯ ಮೇಲೆ ಲಾರಿ ಹತ್ತುತ್ತಾನೆ. ಬಗ್ಗುವುದು, ತಿರುಗುವುದು, ಹೊರುವುದು, ಈ ಮೂರೂ ಒಟ್ಟಿಗೆ ಬಂದರೆ ಬೆನ್ನುಮೂಳೆಯ ಕೆಳಗಿನ ಮಣಿಗಳ ನಡುವೆ ಇರುವ ಡಿಸ್ಕ್ ಎಂಬ ಮೆತ್ತೆಯ ಮೇಲೆ ಬೀಳುವ ಭಾರ ನೆಟ್ಟಗೆ ನಿಂತಾಗಿನ ಭಾರದ ಎಷ್ಟೋ ಪಟ್ಟು ಏರುತ್ತದೆ.

ಈ ಮೆತ್ತೆಯೊಳಕ್ಕೆ ರಕ್ತನಾಳ ಹೋಗುವುದಿಲ್ಲ. ಮಣಿಗಳ ಅಂಚಿನಿಂದ ಒಸರುವ ಆಹಾರವೇ ಅದಕ್ಕೆ ಗತಿ. ಮೈ ಅಲುಗಾಡಿದರೆ ಅದು ಸ್ಪಂಜಿನಂತೆ ಒತ್ತಿ ಹೀರಿ ಬದುಕುತ್ತದೆ. ಆದ್ದರಿಂದಲೇ ಅದಕ್ಕೆ ಪೆಟ್ಟಾದರೆ ಮಾಗಲು ವಾರಗಳು ಬೇಕು, ಆದ್ದರಿಂದಲೇ ಸೊಂಟ ಹಿಡಿದವರನ್ನು ಹದಿನೈದು ದಿನ ಚಾಪೆ ಮೇಲೆ ಕೆಡಹುವುದು ತಪ್ಪು. ಒಂದೆರಡು ದಿನ ಸುಧಾರಿಸಿಕೊಂಡು ತಡೆದುಕೊಳ್ಳುವಷ್ಟು ಓಡಾಡಬೇಕು.

ಸೊಂಟನೋವು ಮಂಡ್ಯದ ಸ್ವತ್ತೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಅದಿತ್ತು. ಬಹುಪಾಲು ಜನರಲ್ಲಿ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 20ರ ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಗೆ, 80ರ ವಯಸ್ಸಿನವರಲ್ಲಿ 96 ಮಂದಿಗೆ ಡಿಸ್ಕ್ ಸವೆದಿತ್ತು. ತಲೆ ನರೆಯುವ ಹಾಗೆ ಡಿಸ್ಕೂ ನರೆಯುತ್ತದೆ. ‘ಡಿಸ್ಕ್ ಜಾರಿದೆ’ ಎಂಬ ವರದಿ ಕೈಗೆ ಬಂದೊಡನೆ ನೇಗಿಲು ಮಾರುವ, ಆಪರೇಷನ್‌ಗೆ ಹಸು ಮಾರುವ ಮುನ್ನ ಈ ಲೆಕ್ಕ ನೆನಪಿರಬೇಕು.

ಉಳುಕು ತೆಗೆಯುವ ನಮ್ಮೂರಿನ ಪದ್ಧತಿಯ ಗುಟ್ಟೂ ಇಲ್ಲೇ ಇದೆ. ಕಾಲು ಮುಂದಾಗಿ ಹುಟ್ಟಿದವರು ಪಾದದಿಂದ ಸೊಂಟ ಸೋಕಿಸಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲಿದೆ. ಬಿಡುವುದೂ ಹೌದು. ಹೆಚ್ಚಿನ ಉಳುಕು ಕೆಲವೇ ವಾರದಲ್ಲಿ ತಾನಾಗಿ ಮಾಗುವಂಥದ್ದು. ಮಾಗುವ ಹೊತ್ತಿಗೆ ಯಾರ ಕೈ ಮೈಮೇಲೆ ಇತ್ತೋ ಕೀರ್ತಿ ಅವರ ಪಾಲಾಗುತ್ತದೆ. ಅದು ಪಾದದ ವಿಷಯದಲ್ಲಿ ಎಷ್ಟು ನಿಜವೋ ಸಾವಿರಾರು ರೂಪಾಯಿಯ ಸೂಜಿ, ಬೆಲ್ಟುಗಳ ವಿಷಯದಲ್ಲೂ ಅಷ್ಟೇ ನಿಜ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆ ಮೊದಲ ಬಾರಿ ಮಾರ್ಗಸೂಚಿ ಹೊರಡಿಸಿದಾಗ ಮುಂದಿಟ್ಟದ್ದು ವ್ಯಾಯಾಮ ಮತ್ತು ತಿಳಿವಳಿಕೆ. ಸೊಂಟದ ಬೆಲ್ಟು ಬೇಡ ಎಂದೇ ಅದು ಹೇಳಿತು.

ಹಾಗಾದರೆ ಸೊಂಟದಲ್ಲಿ ಹೆದರಬೇಕಾದ್ದು ಯಾವುದಕ್ಕೆ? ನೋವು ತೊಡೆಯ ಹಿಂಬದಿಯಿಂದ ಪಾದದವರೆಗೆ ಮಿಂಚಿದರೆ ಡಿಸ್ಕು ನರವನ್ನು ಒತ್ತಿರುವ ಸಾಧ್ಯತೆ ಹೆಚ್ಚು. ಅದೂ ಮೂರು ತಿಂಗಳೊಳಗೆ ಬಹುತೇಕ ಜನರಲ್ಲಿ ಇಳಿಯುತ್ತದೆ. ಆದರೆ ಕಾಲಿನ ಹೆಬ್ಬೆರಳು ಎತ್ತಲಾಗದಿದ್ದರೆ, ಕುಳಿತಾಗ ನೆಲ ತಾಗುವ ಜಾಗ ಮರಗಟ್ಟಿದರೆ, ಒಂದಕ್ಕೆ ಹೋಗಬೇಕೆಂದರೂ ಬಾರದಿದ್ದರೆ, ಆಗ ನೋವು ಕಡಿಮೆಯಾಗಿದ್ದರೂ ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಬಾಲದಂತೆ ಇಳಿಬಿದ್ದ ನರಗಳ ಕಟ್ಟು ಒತ್ತಡಕ್ಕೆ ಸಿಕ್ಕಿರುತ್ತದೆ, ಎರಡು ದಿನ ತಡವಾದರೆ ಮೂತ್ರದ ಹತೋಟಿ ಮತ್ತೆ ಬಾರದೆ ಹೋಗಬಹುದು. ಹಾಗೆಯೇ ಜ್ವರ, ಮೈ ಇಳಿಯುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವೋ ಗಂಟೋ ಇದೆಯೇ ಎಂದು ನೋಡಿಸಲೇಬೇಕು.

ಮಂಡಿಯ ಲೆಕ್ಕಾಚಾರ

ಐವತ್ತು ದಾಟಿದ ಹೆಂಗಸರ ಮಾತು ಮಂಡಿಯಿಂದಲೇ ಶುರುವಾಗುತ್ತದೆ. ಕುಕ್ಕುರುಗಾಲಲ್ಲಿ ಕಳೆ ಕೀಳುವುದು, ನೆಲದ ಒಲೆ, ನೆಲದ ಕಕ್ಕಸು, ಮುಟ್ಟು ನಿಂತ ಮೇಲಿನ ಮೈಯ ಬದಲಾವಣೆ, ಏರಿದ ತೂಕ, ಇವೆಲ್ಲ ಸೇರಿ ಮೃದ್ವಸ್ಥಿ ಸವೆಯುತ್ತದೆ. ಸವೆದದ್ದನ್ನು ಬೆಳೆಸುವ ಮಾತ್ರೆ ಇಂದಿಗೂ ಇಲ್ಲ. ಇರುವ ಮದ್ದು ಎರಡು: ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡುವುದು. ಗೋಡೆಗೆ ಒರಗಿ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹತ್ತೆಣಿಸಿ ಬಿಡುವ ವ್ಯಾಯಾಮಕ್ಕೆ ಕಾಸು ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೋ ಏನೋ ಅದಕ್ಕೆ ಬೆಲೆಯೂ ಇಲ್ಲ.

ಎಲ್ಲ ಮಾಡಿಯೂ ನಡೆಯಲಾಗದವರಿಗೆ ಮಂಡಿ ಬದಲಾವಣೆ ಒಳ್ಳೆಯ ಚಿಕಿತ್ಸೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತು ಮಾಡಿತು. ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಸಾಮಾನ್ಯ ಬಗೆಯದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಶುರುವಾಗಿ 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆಯೂ ಮತ್ತೆ ಚಾಲೂ ಆಗಿದೆ.

ಮಂಡಿಯ ಹೆಸರಿನಲ್ಲಿ ನಡೆಯುವ ಅತಿ ದೊಡ್ಡ ಅನಾಹುತ ಚೀಟಿಯಿಲ್ಲದ ಪುಡಿ, ಗುಳಿಗೆಗಳದ್ದು. ನುಂಗಿದ ಮೂರನೆಯ ದಿನಕ್ಕೆ ಮುದುಕಿ ಹುಡುಗಿಯಂತೆ ಓಡಾಡಿದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರುವ ಗುಮಾನಿ ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ತೊಡೆಯ ಮೂಳೆಯ ತಲೆಗೆ ರಕ್ತ ನಿಂತು ಸೊಂಟದ ಕೀಲೇ ಕುಸಿಯಬಹುದು. ಥಟ್ಟನೆ ನಿಲ್ಲಿಸಿದರೂ ಅಪಾಯ, ವೈದ್ಯರ ಕಣ್ಣೆದುರೇ ಹಂತಹಂತವಾಗಿ ಬಿಡಿಸಬೇಕು.

ಎಲ್ಲಕ್ಕೂ ದುಡಿಮೆ ಕಾರಣವಲ್ಲ

ಬೆಳಗ್ಗೆ ಎದ್ದಾಗ ಬೆರಳ ಸಂದುಗಳು ಬಿಗಿದು, ಸಡಿಲವಾಗಲು ಒಂದು ಗಂಟೆಯಾದರೂ ಹಿಡಿದರೆ, ಎರಡೂ ಕೈಯಲ್ಲಿ ಒಂದೇ ರೀತಿ ಊದಿದರೆ ಅದು ಸವೆತವಲ್ಲ. ಮೈಯ ಕಾವಲು ಪಡೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಅದು. ಮೊದಲ ಕೆಲವು ತಿಂಗಳಲ್ಲೇ ಹಿಡಿದರೆ ಬೆರಳು ಸೊಟ್ಟಗಾಗದಂತೆ ತಡೆಯಬಹುದು. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ಜೀವಕ್ಕೆ ಕುತ್ತು. ಚೀಟಿಯ ಮೇಲೆ ವಾರದ ಹೆಸರು ಬರೆಸಿಕೊಳ್ಳುವುದು ಮೇಲು.

2006ರಲ್ಲಿ ಚಿಕೂನ್‌ಗುನ್ಯ ಬಂದದ್ದು ಈ ಸೀಮೆಯ ಹಿರಿಯರಿಗೆ ಮರೆತಿಲ್ಲ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದೇ. ಮೈ ಬಗ್ಗಿಸುವುದು ಎಂಬ ಅರ್ಥದ ಆಫ್ರಿಕಾದ ಮಕೊಂಡೆ ಭಾಷೆಯ ಆ ಪದಕ್ಕೆ ತಕ್ಕ ಹಾಗೆ ಊರಿಗೆ ಊರೇ ಗೋಡೆ ಹಿಡಿದು ನಡೆಯಿತು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಸೊಳ್ಳೆಯೂ ಮಂಡಿನೋವಿಗೆ ಕಾರಣವಾಗಬಲ್ಲದೆಂದು ನಾಡು ಕಲಿತದ್ದು ಆಗ.

ಕಾರಣ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಕುಸಿದು ಜನ ಕೋಲೂರಿ ನಡೆಯತೊಡಗಿದರು. ಗದ್ದೆಗೆ ಹೊಡೆದ ವಿಷ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬೇಕೆಂದು ಮೊದಲು ಶಂಕಿಸಿದರು. ಹಲವು ವರ್ಷಗಳ ಅಧ್ಯಯನ ಕಡೆಗೆ ಬೆರಳು ತೋರಿದ್ದು ವಂಶವಾಹಿಯ ಕಡೆ. ಒಂದೇ ಗದ್ದೆಯಲ್ಲಿ ದುಡಿದವರಿಗೆಲ್ಲ ಒಂದೇ ಕಾರಣಕ್ಕೆ ನೋವು ಬಂದಿರಬೇಕೆಂಬ ನಿಯಮವಿಲ್ಲ.

ಸದ್ದಿಲ್ಲದೆ ಬರುವವು

ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಕೈಯಲ್ಲೇ ಹಾಲು ಕರೆಯುವ ಹೆಂಗಸರು ಅನೇಕ. ನಡುರಾತ್ರಿ ಹೆಬ್ಬೆರಳಿನಿಂದ ಮೂರು ಬೆರಳು ಜುಮ್ಮೆಂದು ಎಚ್ಚರವಾಗಿ ಕೈ ಕೊಡವಿಕೊಳ್ಳುತ್ತಿದ್ದರೆ ಮಣಿಕಟ್ಟಿನ ಕಿರಿದಾದ ಓಣಿಯಲ್ಲಿ ನರ ಒತ್ತಿಕೊಂಡಿದೆ ಎಂದು ತಿಳಿಯಬೇಕು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಹಲವರಿಗೆ ಸಾಕು, ಹೆಬ್ಬೆರಳ ಬುಡದ ಮಾಂಸ ಕರಗುವ ತನಕ ಬಿಟ್ಟರೆ ಸಣ್ಣ ಶಸ್ತ್ರಚಿಕಿತ್ಸೆಯೂ ಪೂರ್ತಿ ಸರಿಮಾಡದು. ಗಂಟೆಗಟ್ಟಲೆ ಕುಕ್ಕುರುಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಮಂಡಿಯ ಹೊರಬದಿಯ ನರ ಅಮುಕಿ ಪಾದ ಮೇಲಕ್ಕೆ ಏಳದೆ ಹೋಗಬಹುದು. ಗೊತ್ತಾಗುವುದು ಚಪ್ಪಲಿ ಜಾರಿದಾಗ. ಕೂರುವ ಭಂಗಿ ಬದಲಿಸಿದರೆ ಬಹುತೇಕ ವಾಸಿಯಾಗುವ ಇದನ್ನು ಲಕ್ವ ಎಂದು ಹೆದರಿ ಊರೂರು ಅಲೆಯುವವರಿದ್ದಾರೆ.

ಇವೆರಡಕ್ಕಿಂತ ದೊಡ್ಡದು ಸಕ್ಕರೆ ಕಾಯಿಲೆಯ ಪಾದ. ಮೊದಲು ಅಂಗಾಲಿನಲ್ಲಿ ಉರಿ, ಆಮೇಲೆ ಹತ್ತಿಯ ಮೇಲೆ ನಡೆದಂತೆ, ಆಮೇಲೆ ಏನೂ ಇಲ್ಲ. ಉರಿ ಹೋಯಿತೆಂದು ರೋಗಿ ಸಂತೋಷಪಡುವ ಹೊತ್ತಿಗೆ ನರ ಸತ್ತಿರುತ್ತದೆ. ಬರಿಗಾಲಲ್ಲಿ ಕಬ್ಬಿನ ಕೂಳೆ ಚುಚ್ಚಿದ್ದೂ ತಿಳಿಯದೆ, ಕೀವು ವಾಸನೆ ಬಂದಾಗ ಮನೆಯವರು ಕಾಣುತ್ತಾರೆ. ಮುಂದೆ ಬೆರಳು, ಅದರ ಮುಂದೆ ಪಾದ ಕತ್ತರಿಸುವ ಮಾತು. ಇದನ್ನು ಮೊದಲೇ ಹಿಡಿಯಲು ಬೇಕಾದ ಸಲಕರಣೆ ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಅಷ್ಟೇ. ಮುಟ್ಟಿದ್ದು ಗೊತ್ತಾಗದ ಬಿಳಿಚು ಮಚ್ಚೆ ಮೈಮೇಲಿದ್ದರೆ ಕುಷ್ಠವೇ ಎಂದು ನೋಡಿಸಬೇಕು, ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಸ್ಯಾಹಾರಿಗಳಲ್ಲಿ, ಮದ್ಯ ಹಿಡಿದವರಲ್ಲಿ ಬಿ12 ಕೊರತೆಯೂ ಇದೇ ಜೋಮು ತರುತ್ತದೆ.

ಹಂಡೆ ನೀರಿನ ಮೂರ್ಛೆ

ಹಳೆಯ ಮೈಸೂರು ಸೀಮೆಗೇ ಅಂಟಿಕೊಂಡಂತಿರುವ ಒಂದು ನರರೋಗವುಂಟು. ಹಂಡೆಯಲ್ಲಿ ಕಾಯ್ದ ನೀರನ್ನು ಚೊಂಬಿನಿಂದ ಬಿಡುವಿಲ್ಲದೆ ನೆತ್ತಿಗೆ ಸುರಿದುಕೊಳ್ಳುವಾಗ ಕೆಲವರ ಕಣ್ಣು ನೆಟ್ಟಗಾಗುತ್ತದೆ, ಮಾತು ತಪ್ಪುತ್ತದೆ, ಕೆಲವರು ಬಿದ್ದು ಒದ್ದಾಡುತ್ತಾರೆ. ಕೆಲವರಿಗೆ ಅದೊಂದು ಸುಖದಂತೆ ತೋರಿ ಎಚ್ಚರ ತಪ್ಪುವವರೆಗೂ ಸುರಿದುಕೊಳ್ಳುವುದುಂಟು. ಜಗತ್ತಿನ ಬೇರೆಡೆ ಅಪರೂಪವಾದ ಈ ಬಿಸಿನೀರ ಮೂರ್ಛೆಯ ಬಗ್ಗೆ ಬೆಂಗಳೂರಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಒಂದೇ ಮನೆಯ ಹಲವರಲ್ಲಿ ಕಾಣುವುದರಿಂದ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರೊಡನೆ ಸೇರಿ ವಂಶವಾಹಿಯ ಜಾಡನ್ನೂ ಹಿಡಿದಿದ್ದಾರೆ. ಮೈಮೇಲೆ ಬಂದಿದೆ, ಬಚ್ಚಲಲ್ಲಿ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಿದ್ದ ಮಕ್ಕಳಿಗೆ ಬೇಕಿದ್ದದ್ದು ಉಗುರುಬೆಚ್ಚಗಿನ ನೀರು, ನೆತ್ತಿಗೆ ಸುರಿಯದೆ ಮೈಗೆ ಹುಯ್ದುಕೊಳ್ಳುವುದು, ಬೇಕಾದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ವೈದ್ಯರು ಹೇಳಿದ ಒಂದು ಮಾತ್ರೆ.

ಎಲ್ಲ ಬಗೆಯ ಮೂರ್ಛೆಯನ್ನೂ ಒಟ್ಟಿಗೆ ಎಣಿಸಿದರೆ ಅದು ಈ ಭಾಗದ ಹಳ್ಳಿಯಲ್ಲೇ ಹೆಚ್ಚು. ನಿಮ್ಹಾನ್ಸ್ ತಂಡ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ ಲಕ್ಷಕ್ಕೂ ಮೀರಿದ ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿದಾಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಮಂದಿಗೆ ಮೂರ್ಛೆ ಇತ್ತು. ಮಳವಳ್ಳಿಯಿಂದ ಕೊಳ್ಳೇಗಾಲ ದಾಟಿದರೆ ಸಿಗುವ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ನಡೆಸಿದ, 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನ ಹಳೆಯ, ಅಗ್ಗದ ಫಿನೋಬಾರ್ಬಿಟಾಲ್, ಫಿನೈಟಾಯಿನ್ ಮಾತ್ರೆಗಳಿಂದಲೇ ಹಳ್ಳಿಯ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಕೈಗೆ ಕಬ್ಬಿಣ ಹಿಡಿಸುವುದರಿಂದ ಫಿಟ್ಸ್ ನಿಲ್ಲದು. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕದೆ ಹೊತ್ತು ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಗಡಿಯಾರ ನೋಡುವ ರೋಗಗಳು

ಬಾಯಿ ಸೊಟ್ಟಗಾಯಿತೇ, ಒಂದು ಕೈ ಬಿದ್ದುಹೋಯಿತೇ, ಮಾತು ತೊದಲಿತೇ? ಈ ಮೂರರಲ್ಲಿ ಒಂದು ಥಟ್ಟನೆ ಕಂಡರೂ ಲಕ್ವ ಎಂದೇ ಹಿಡಿಯಬೇಕು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತ ಸೋರಿದ್ದರೆ ಅದೇ ಔಷಧಿ ವಿಷವಾಗುತ್ತದೆ. ಲಕ್ವದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮಲಗಿ ಎದ್ದರೆ ಸರಿಹೋಗುತ್ತದೆ ಎನ್ನುವುದರಲ್ಲಿ, ಪಾರಿವಾಳದ ರಕ್ತ ಹಚ್ಚಿಸುವುದರಲ್ಲಿ ಆ ಗಂಟೆಗಳು ಕರಗುತ್ತವೆ. ಹಣೆ ಸುಕ್ಕುಗಟ್ಟಿಸಲೂ ಆಗದಂತೆ ಮುಖದ ಅರ್ಧವಷ್ಟೇ ಸೋತಿದ್ದು ಕೈಕಾಲು ಚೆನ್ನಾಗಿದ್ದರೆ ಅದು ಮುಖದ ನರದ ಊತವಿರಬಹುದು. ಮೂರು ದಿನದೊಳಗೆ ಚಿಕಿತ್ಸೆ ಶುರುವಾದರೆ ಬಹುತೇಕ ಪೂರ್ತಿ ವಾಸಿ. ಎರಡರಲ್ಲಿ ಯಾವುದೆಂದು ತೀರ್ಮಾನಿಸುವ ಕೆಲಸ ಮಾತ್ರ ಜಗಲಿಯದ್ದಲ್ಲ.

ಹಾವಿನಲ್ಲೂ ಇದೇ ಪಾಠ. ಮಂಡಲದ ಹಾವು ಕಚ್ಚಿದರೆ ಉರಿಯುತ್ತದೆ, ಊದುತ್ತದೆ, ಜನ ಓಡುತ್ತಾರೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಗುರುತೇ ಸಿಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದು, ನುಂಗಲಾಗದು, ಕಡೆಗೆ ಉಸಿರಾಡುವ ಸ್ನಾಯುವೇ ಸೋಲುತ್ತದೆ. ಪ್ರತಿವಿಷ ಮತ್ತು ಉಸಿರಾಟದ ಯಂತ್ರ ಸಿಕ್ಕರೆ ಅದೇ ಮನುಷ್ಯ ಕೆಲವು ದಿನದಲ್ಲಿ ಎದ್ದು ಕೂರುತ್ತಾನೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಮದ್ದೂರಿನ ಎಳನೀರು ಮಾರುಕಟ್ಟೆಗೆ ಬುರುಡೆ ಇಳಿಸಿ ಕೊಡುವವರು ತೆಂಗಿನ ಮರದಿಂದ ಬೀಳುವುದುಂಟು. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಅಪಘಾತಗಳಾಗುತ್ತವೆ. ಬಿದ್ದವನು ‘ಕಾಲು ಇರೋದೇ ಗೊತ್ತಾಯ್ತಿಲ್ಲ’ ಎಂದರೆ ಬೆನ್ನುಹುರಿಗೆ ಪೆಟ್ಟಾಗಿದೆ. ಕೈಕಾಲು ಹಿಡಿದು ಮೂಟೆಯಂತೆ ಎತ್ತಿ ಆಟೋಗೆ ಹಾಕಿದರೆ ಉಳಿದ ಎಳೆಯೂ ಹರಿಯುತ್ತದೆ. ಹಲಗೆ ಅಥವಾ ಬಾಗಿಲ ಮೇಲೆ ಮೈಯನ್ನು ಒಂದೇ ದಿಮ್ಮಿಯಂತೆ ಉರುಳಿಸಿ ಮಲಗಿಸಬೇಕು. 2008ರ ನವೆಂಬರಿನಿಂದ ಇರುವ 108 ಆರೋಗ್ಯ ಕವಚದ ಗಾಡಿಗೆ ಕಾಯುವುದು ಇಲ್ಲಿ ತಡವಲ್ಲ. ಮುರಿದ ಕೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡವರೂ ಒಂದು ಮಾತು ನೆನಪಿಡಬೇಕು. ಕಟ್ಟಿದ ಮೇಲೆ ಬೆರಳು ನೀಲಿಗಟ್ಟಿದರೆ, ಮುಟ್ಟಿದ್ದು ತಿಳಿಯದಿದ್ದರೆ ಆಗಲೇ ಬಿಚ್ಚಿಸಬೇಕು. ಕೆಲವು ಗಂಟೆ ತಡವಾದರೂ ಕೈ ಹಕ್ಕಿಯ ಉಗುರಿನಂತೆ ಮುರುಟಿ ನಿಲ್ಲಬಹುದು.

ಎಲ್ಲಿಗೆ, ಯಾವಾಗ

ಜಿಲ್ಲೆಯಲ್ಲಿ ಬಾಗಿಲುಗಳಿಗೆ ಬರವಿಲ್ಲ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳು, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇವೆ. ಸುಮಾರು ನೂರು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮೂಳೆಪೆಟ್ಟಿಗೆಂದೇ ಇರುವ ಸಂಜಯ ಗಾಂಧಿ ಆಸ್ಪತ್ರೆ ಇವೆ. ಆಯುರ್ವೇದ ಬೇಕೆಂದವರಿಗೆ 1908ರಿಂದ ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಹಳೆಯ ಸೊಂಟ, ಮಂಡಿಗೆ ಶಾಖ, ತೈಲಗಳಿಂದ ಹಿತ ಕಂಡವರು ಬಹಳ ಜನ. 2022ರಲ್ಲಿ ನಿಮ್ಹಾನ್ಸ್ ಜೊತೆ ಸರ್ಕಾರ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಉದ್ದೇಶ ಲಕ್ವ, ಮೂರ್ಛೆ, ಮರೆವು, ತಲೆನೋವನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಗುರುತಿಸುವುದು. ಇವೆಲ್ಲದರ ನಡುವೆ ತೆಳ್ಳಗಿರುವ ಕೊಂಡಿ ಫಿಸಿಯೋಥೆರಪಿ. ಲಕ್ವ ಹೊಡೆದು ಜೀವ ಉಳಿದವನಿಗೆ ಮುಂದಿನ ಆರು ತಿಂಗಳು ದಿನಾ ಕೈಕಾಲು ಆಡಿಸುವವರು ಬೇಕು. ಊರಿಂದ ಪೇಟೆಗೆ ದಿನಾ ಹೋಗಿಬರಲು ಆಗದೆ ಆ ಆರು ತಿಂಗಳು ಮಂಚದ ಮೇಲೆ ಕಳೆದುಹೋಗುತ್ತದೆ.

ವ್ಯವಸ್ಥೆ ಸರಿಯಾಗುವವರೆಗೆ ನಮ್ಮ ಕೈಲಿರುವುದು ಕೇಳುವ ಪ್ರಶ್ನೆಯನ್ನು ಬದಲಿಸುವುದು. ‘ಎಲ್ಲವ್ವ ನೋಯ್ತದೆ?’ ಎಂದು ನಾವು ಹೇಗೂ ಕೇಳುತ್ತೇವೆ. ‘ಎಲ್ಲಿ ಮುಟ್ಟಿದ್ರೆ ಗೊತ್ತಾಯ್ತಿಲ್ಲ?’ ಎಂದೂ ಕೇಳುವುದನ್ನು ರೂಢಿಸಿಕೊಳ್ಳಬೇಕು. ಸಂಜೆ ಗದ್ದೆಯಿಂದ ಬಂದು ನಾಲೆಯಲ್ಲಿ ಕಾಲು ತೊಳೆಯುವುದು ಈ ಸೀಮೆಯ ನಿತ್ಯದ ಕೆಲಸ. ತೊಳೆದ ಕಾಲನ್ನು ಮಂಡಿಯ ಮೇಲಿಟ್ಟು ಅಂಗಾಲನ್ನೊಮ್ಮೆ ಬೆಳಕಿಗೆ ತಿರುಗಿಸಿ ನೋಡಲು ಇನ್ನರ್ಧ ನಿಮಿಷ ಸಾಕು. ಮಂಡಿ ಬಗ್ಗದವರ ಕಾಲನ್ನು ಮೊಮ್ಮಕ್ಕಳು ನೋಡಲಿ.